ಕೂಗಿದರೆ ಓಗೊಡುವ ಸ್ವಿಚ್ಚು

ಫೋನಿನಿಂದ ಮೋಟ್ರು ಹಾಕುವ ಪೆಟ್ಟಿಗೆ ನಮ್ಮ ಕಡೆ ಈಗ ಹೊಸತೇನೂ ಅಲ್ಲ. ಪೇಟೆಯಲ್ಲಿ ನಾಲ್ಕಾರು ತರದವು ಸಿಗುತ್ತವೆ. ಹಾಕಿಸಿಕೊಂಡವರನ್ನು ಕೇಳಿ ನೋಡಿ. ಅರ್ಧ ಜನ 'ಬಲು ಅನುಕೂಲ' ಅಂತಾರೆ, ಇನ್ನರ್ಧ ಜನ 'ಬಿಚ್ಚಿ ಅಟ್ಟದ ಮೇಲೆ ಎಸೆದೆ' ಅಂತಾರೆ. ಹೆಚ್ಚೂಕಡಿಮೆ ಒಂದೇ ತರದ ಪೆಟ್ಟಿಗೆಗೆ ಹೀಗೆ ಎರಡು ಮಾತು ಯಾಕೆ ಬರುತ್ತದೆ ಎಂಬುದು ನನಗೆ ಅರ್ಥವಾದದ್ದು ಮೈಸೂರಿನ ಗೋಕುಲಂನಲ್ಲಿ, ನನ್ನ ತಂಗಿಯ ಮನೆಯ ಸಂಪಿನ ಹತ್ತಿರ. ಅಲ್ಲಿ ಕಲಿತದ್ದನ್ನು ಆಮೇಲೆ ಹೊಲಕ್ಕೆ ತಂದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಹೆಗ್ಗಡದೇವನಕೋಟೆ ತಾಲೂಕಿನ ಕಾಡಂಚಿನ ಊರು. ನಾಲ್ಕೂವರೆ ಎಕರೆ ಕೆಂಪು ಭೂಮಿ. ರಾಗಿ, ಹುರುಳಿ, ಅವರೆ, ಹತ್ತಿ ಎಲ್ಲವೂ ಮಳೆ ನಂಬಿದ ಬೆಳೆ. ಒಂದು ಬೋರಿದೆ, ಒಂದೂಕಾಲು ಇಂಚು ನೀರು. ಅದನ್ನು ನಂಬಿ ಮುಕ್ಕಾಲು ಎಕರೆಗೆ ಹನಿ ನೀರಾವರಿ ಮಾಡಿ ಟೊಮೆಟೊ, ಬೀನ್ಸ್ ಬೆಳೆಯುತ್ತೇನೆ. ನಾನು ಓದಿದ್ದು ಏಳನೇ ಕ್ಲಾಸು. ಇಂಜಿನಿಯರುಗಳು ಬರೆಯಬೇಕಾದ ವಿಷಯವನ್ನು ನಾನು ಬರೆಯುತ್ತಿರುವುದಕ್ಕೆ ಕಾರಣ ಇಷ್ಟೇ: ಪೆಟ್ಟಿಗೆ ಮಾಡುವವರು ಅವರಾದರೂ ನಂಬಿ ಕೂರಬೇಕಾದವರು ನಾವು.

ಗೋಕುಲಂ ಮನೆಯ ತಾಪತ್ರಯ

ಗೋಕುಲಂ ಮೈಸೂರಿನಲ್ಲಿ ಒಂಟಿಕೊಪ್ಪಲಿನ ಪಕ್ಕದ ಬಡಾವಣೆ. ಪಟ್ಟಾಭಿ ಜೋಯಿಸರ ಯೋಗಶಾಲೆಯಿಂದಾಗಿ ಹೊರದೇಶದವರಿಗೂ ಗೊತ್ತಿರುವ ಹೆಸರು. ಮೂರನೇ ಹಂತದಲ್ಲಿ 1997ರಲ್ಲಿ ಶುರುವಾದ ವಿದ್ಯಾವರ್ಧಕ ಇಂಜಿನಿಯರಿಂಗ್ ಕಾಲೇಜು ಇದೆ. ಹಾಗಾಗಿ ಬೀದಿಯಲ್ಲಿ ಯೋಗದ ಚಾಪೆ ಹಿಡಿದವರೂ ಕಾಣುತ್ತಾರೆ, ಬೆನ್ನಿಗೆ ಬ್ಯಾಗು ಹಾಕಿದ ಕಾಲೇಜು ಹುಡುಗರೂ ಕಾಣುತ್ತಾರೆ.

ತಂಗಿಯ ಮನೆ ಎರಡು ಅಂತಸ್ತಿನದು. ಮೇಲಿನದು ಬಾಡಿಗೆಗೆ. ನಲ್ಲಿ ನೀರು ಹೊತ್ತು ನೋಡಿ ಬಂದು ಸಂಪು ತುಂಬುತ್ತದೆ. ಅಲ್ಲಿಂದ ಅರ್ಧ ಎಚ್‌ಪಿ ಮೋಟ್ರು ತಾರಸಿಯ ಮೇಲಿನ ಸಾವಿರ ಲೀಟರ್ ಟ್ಯಾಂಕಿಗೆ ಎತ್ತಬೇಕು. ಸ್ವಿಚ್ಚು ಇರುವುದು ಮೆಟ್ಟಿಲ ಕೆಳಗೆ, ಸಂಪಿನ ಮಗ್ಗುಲಿಗೆ. ನೆಲ ಯಾವಾಗಲೂ ಒದ್ದೆ. ತಂಗಿಗೆ ಮಂಡಿ ನೋವು. ಹಾಕಿ ಒಳಗೆ ಬಂದು ಒಗ್ಗರಣೆಗೆ ನಿಂತರೆ ಮೋಟ್ರು ಮರೆತೇ ಹೋಗುತ್ತಿತ್ತು. ಟ್ಯಾಂಕು ತುಂಬಿ ನೀರು ಬೀದಿಗೆ ಹರಿಯುತ್ತಿತ್ತು. ಒಂದೊಂದು ದಿನ ಇದಕ್ಕೆ ತದ್ವಿರುದ್ಧ. ಸಂಪಿನಲ್ಲಿ ನೀರೇ ಇಲ್ಲದೆ ಮೋಟ್ರು ಒಣಗಿದ್ದು ಓಡಿ ಬಿಸಿಯಾಗುತ್ತಿತ್ತು.

ಅವಳ ಮಗ ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಓದುತ್ತಿದ್ದ. 'ಮಾವ, ಅಮ್ಮ ಕೂತಲ್ಲಿಂದಲೇ ಫೋನಿನಲ್ಲಿ ಮೋಟ್ರು ಹಾಕಿ ತೆಗೆಯೋ ಹಾಗೆ ಮಾಡ್ತೀನಿ' ಅಂದ. ನಾನು ಆಗ ಕಣ್ಣು ಆಪರೇಷನ್ನಿಗೆಂದು ಬಂದು ಅವರ ಮನೆಯಲ್ಲಿ ಹದಿನೈದು ದಿನ ಇದ್ದೆ. ಬೇರೆ ಕೆಲಸವಿರಲಿಲ್ಲ. ಅವನು ಮಾಡುವುದನ್ನೆಲ್ಲ ಪಕ್ಕದಲ್ಲಿ ಕೂತು ಕೇಳಿಸಿಕೊಂಡೆ.

ಪೆಟ್ಟಿಗೆಯೊಳಗೆ ಏನಿದೆ?

ಒಳಗಿನ ಮುಖ್ಯ ಸಾಮಾನು ಮೈಕ್ರೋಕಂಟ್ರೋಲರ್. ಅಂದರೆ ಒಂದೇ ಚಿಪ್ಪಿನಲ್ಲಿ ಅಡಗಿಸಿಟ್ಟ ಪುಟ್ಟ ಕಂಪ್ಯೂಟರು. ಅದಕ್ಕೆ ಪರದೆ ಇಲ್ಲ, ಕೀಲಿಮಣೆ ಇಲ್ಲ. ನಾವು ಬರೆದುಕೊಟ್ಟ ಕೆಲಸವನ್ನಷ್ಟೇ ಗಾಣದ ಎತ್ತಿನ ಹಾಗೆ ಹಗಲೂ ರಾತ್ರಿ ಮಾಡುತ್ತಿರುತ್ತದೆ. ಹಿಂದೆ ಇದು ಕಾರ್ಖಾನೆಯವರ ಕೈಯಲ್ಲಷ್ಟೇ ಇತ್ತು. 2005ರಲ್ಲಿ ಇಟಲಿಯ ಇವ್ರಿಯಾ ಊರಿನಲ್ಲಿ ವಿದ್ಯಾರ್ಥಿಗಳಿಗಾಗಿ ಆರ್ಡುಯಿನೋ ಎಂಬ ಹಲಗೆ ಮಾಡಿದರು. ಅದರಿಂದ ಸಾಮಾನ್ಯ ಹುಡುಗರೂ ಇದನ್ನು ಪಳಗಿಸುವಂತಾಯಿತು. 2014ರಲ್ಲಿ ಚೀನಾದ ಶಾಂಘೈನ ಎಸ್ಪ್ರೆಸಿಫ್ ಕಂಪೆನಿಯ ಇಎಸ್‌ಪಿ8266 ಎಂಬ ಚಿಪ್ಪು ಬಂತು. ಇದರೊಳಗೇ ವೈಫೈ ಇದೆ. ಬೆರಳುದ್ದದ ಹಲಗೆ, ಬೆಲೆ ಒಂದು ಕೂಲಿಯಾಳಿನ ದಿನದ ಸಂಬಳಕ್ಕಿಂತ ಕಡಿಮೆ. ನಮ್ಮ ಹುಡುಗ ತಂದದ್ದು ಅದನ್ನೇ.

ಈ ಚಿಪ್ಪು ಕೆಲಸ ಮಾಡುವುದು 3.3 ವೋಲ್ಟಿನಲ್ಲಿ. ಮೋಟ್ರಿಗೆ ಬೇಕಾದ್ದು 230 ವೋಲ್ಟು. ಇರುವೆ ಆನೆಯನ್ನು ಎಬ್ಬಿಸಬೇಕಲ್ಲ, ಅದಕ್ಕೆ ನಡುವೆ ಇಬ್ಬರು ಬೇಕು. ಮೊದಲನೆಯದು ರಿಲೇ. ಒಳಗೊಂದು ಪುಟ್ಟ ಸುರುಳಿ ಇರುತ್ತದೆ. ಅದಕ್ಕೆ 5 ವೋಲ್ಟು ಕೊಟ್ಟರೆ ಅಯಸ್ಕಾಂತವಾಗಿ ತಗಡನ್ನು 'ಟಕ್' ಎಂದು ಎಳೆದುಕೊಂಡು ಸ್ವಿಚ್ಚು ಕೂಡಿಸುತ್ತದೆ. ಎರಡನೆಯದು ಕಾಂಟ್ಯಾಕ್ಟರ್. ಇದು ರಿಲೇಯ ದೊಡ್ಡಣ್ಣ, ನಮ್ಮ ಹೊಲದ ಸ್ಟಾರ್ಟರಿನೊಳಗೆ ಇರುವುದೂ ಇದೇ. ಮನೆಯಲ್ಲಿ ಹುಡುಗ ಕೂಗಿದರೆ ಅಪ್ಪ ಏಳುತ್ತಾನೆ, ಅಪ್ಪ ಎದ್ದರೆ ಎತ್ತು ಏಳುತ್ತದೆ. ಹಾಗೆ ಚಿಪ್ಪು ರಿಲೇಯನ್ನು, ರಿಲೇ ಕಾಂಟ್ಯಾಕ್ಟರನ್ನು, ಕಾಂಟ್ಯಾಕ್ಟರ್ ಮೋಟ್ರನ್ನು ಎಬ್ಬಿಸುತ್ತದೆ.

'ರಿಲೇ ಮೇಲೆ 10 ಆಂಪಿಯರ್ ಅಂತ ಬರೆದಿದೆಯಲ್ಲ, ಮೋಟ್ರನ್ನು ನೇರ ಅದಕ್ಕೇ ಕೊಟ್ಟರಾಗದೆ?' ಎಂದು ಕೇಳುವವರಿದ್ದಾರೆ. ಆಗದು. ಮೋಟ್ರು ಶುರುವಾಗುವ ಗಳಿಗೆಯಲ್ಲಿ ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಆ ಕಿಡಿಗೆ ರಿಲೇಯ ಸಣ್ಣ ಬೊಟ್ಟುಗಳು ಕರಗಿ ಅಂಟಿಕೊಳ್ಳಬಹುದು. ಅಂಟಿಕೊಂಡರೆ ಫೋನಿನಲ್ಲಿ ಎಷ್ಟು ಸಲ 'ಆಫ್' ಒತ್ತಿದರೂ ಮೋಟ್ರು ನಿಲ್ಲುವುದಿಲ್ಲ. ದೀಪ, ಫ್ಯಾನಿಗೆ ಬರೀ ರಿಲೇ ಸಾಕು. ಮೋಟ್ರಿಗೆ ಕಾಂಟ್ಯಾಕ್ಟರ್ ಬೇಕೇ ಬೇಕು.

ತಂತಿ ಇಲ್ಲದೆ ದೂರದ ಕೆಲಸ ಮಾಡಿಸುವುದು ಇವತ್ತಿನ ಮಾತಲ್ಲ. 1890ರ ದಶಕದಲ್ಲೇ ಜಗದೀಶಚಂದ್ರ ಬೋಸರು ಕಲ್ಕತ್ತಾದ ಟೌನ್ ಹಾಲಿನಲ್ಲಿ ರೇಡಿಯೋ ಅಲೆ ಕಳಿಸಿ ಗೋಡೆಯಾಚೆಯ ಗಂಟೆ ಬಾರಿಸಿ ತೋರಿಸಿದ್ದರು. ಮೈಸೂರಿನವರಿಗಂತೂ ಇದು ಮನೆಯ ವಿಷಯ. ಮಹಾರಾಜ ಕಾಲೇಜಿನ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ನಿಲಯ ಶುರು ಮಾಡಿದರು. ಅದಕ್ಕಿದ್ದ 'ಆಕಾಶವಾಣಿ' ಎಂಬ ಹೆಸರೇ ಮುಂದೆ ಇಡೀ ದೇಶದ ರೇಡಿಯೋಗೆ ಬಂತು. ಗೋಕುಲಂಗೆ ಹತ್ತಿರದ ಯಾದವಗಿರಿಯಲ್ಲಿ ಆಕಾಶವಾಣಿ ನಿಲಯ ಈಗಲೂ ಇದೆ. ಆದರೆ ರೇಡಿಯೋ ಒಂದು ಕಡೆಯಿಂದ ಮಾತಾಡುತ್ತದೆ. ಕೇಳುವವರು ಕೇಳಿದರೋ ಇಲ್ಲವೋ ಅದಕ್ಕೆ ತಿಳಿಯದು. ಹಾಡು ಕೇಳಿಸಲು ಅಷ್ಟು ಸಾಕು. ಮೋಟ್ರು ಹಾಕಲು ಸಾಲದು. ನಮ್ಮ ಪೆಟ್ಟಿಗೆಯ ತೊಂದರೆ ಶುರುವಾದದ್ದೂ ಅಲ್ಲೇ.

'ಯಾರನ್ನ ನಂಬಲಿ?'

ಪೆಟ್ಟಿಗೆ ತಯಾರಾಗಿ ಮೆಟ್ಟಿಲ ಕೆಳಗೆ ಕೂತಿತು. ಫೋನಿನಲ್ಲಿ ಗುಂಡಿ ಒತ್ತಿದರೆ ಟಕ್ ಅಂತ ಸದ್ದು, ಮೋಟ್ರು ಓಡಿತು. ಮನೆಯವರೆಲ್ಲ ಸರದಿಯಲ್ಲಿ ಒತ್ತಿ ನೋಡಿದ್ದಾಯಿತು. ನಾಲ್ಕನೇ ದಿನ ಬೆಳಿಗ್ಗೆ ತಂಗಿ ಫೋನ್ ಹಿಡಿದುಕೊಂಡು ಬಂದಳು. 'ಅಣ್ಣಾ, ಇದು ನೋಡಿದರೆ ಮೋಟ್ರು ಆನ್ ಅಂತದೆ. ಮೇಲಿನವರು ನಲ್ಲೀಲಿ ನೀರಿಲ್ಲ ಅಂತಾರೆ. ಯಾರನ್ನ ನಂಬಲಿ?'

ಹೋಗಿ ನೋಡಿದರೆ ಮೋಟ್ರಿನ ಎಂಸಿಬಿ ಬಿದ್ದಿತ್ತು. ಚಿಪ್ಪಿಗೆ ಕರೆಂಟು ಬೇರೆ ಕಡೆಯಿಂದ ಬರುತ್ತಿತ್ತು. ಹಾಗಾಗಿ ಅದು ಅಪ್ಪಣೆ ತೆಗೆದುಕೊಂಡಿತು, ರಿಲೇ ಟಕ್ ಅಂದಿತು, ಫೋನಿನಲ್ಲಿ ಹಸಿರು ದೀಪ ಹತ್ತಿತು. ಮೋಟ್ರು ಮಾತ್ರ ಮಲಗಿತ್ತು. ಅಂದರೆ ಆ ಹಸಿರು ದೀಪ ಹೇಳುತ್ತಿದ್ದದ್ದು 'ನೀವು ಹೇಳಿದ್ದನ್ನು ಕೇಳಿಸಿಕೊಂಡೆ' ಎಂದು. 'ಕೆಲಸ ಆಯಿತು' ಎಂದಲ್ಲ. ಎರಡಕ್ಕೂ ಬಹಳ ವ್ಯತ್ಯಾಸ ಇದೆ.

ನಾನು ಅಳಿಯನಿಗೆ ನಮ್ಮ ಹೊಲದ ಲೆಕ್ಕದಲ್ಲಿ ಹೇಳಿದೆ. ಈ ಬದುವಿನಿಂದ ಆ ಬದುವಿನವನನ್ನು ಕೂಗಿದರೆ ಅವನು 'ಓ' ಅನ್ನಬೇಕು. ಓಗೊಡದೆ ಇದ್ದರೆ ಅವನಿಗೆ ಕೇಳಿಸಿತು ಅಂತ ಯಾರೂ ಸುಮ್ಮನೆ ಮನೆಗೆ ಹೋಗುವುದಿಲ್ಲ. ನಿನ್ನ ಪೆಟ್ಟಿಗೆಗೆ ಕಿವಿ ಇದೆ, ಬಾಯಿ ಕೊಡು. 'ಓ' ಅನ್ನಬೇಕಾದವನು ನಡುವಿನ ರಿಲೇ ಅಲ್ಲ, ಮೋಟ್ರೇ ಅನ್ನಬೇಕು.

ಅವನು ಜಾಣ, ತಕ್ಷಣ ಹಿಡಿದುಕೊಂಡ. ಮೂರು ಸಾಮಾನು ಹೆಚ್ಚಿಗೆ ಹಾಕಿದ.

ಒಂದು, ಕರೆಂಟು ಅಳೆಯುವ ಬಳೆ. ಸಿಟಿ ಅಂತಾರೆ. ಮೋಟ್ರಿಗೆ ಹೋಗುವ ಒಂದು ತಂತಿಯನ್ನು ಈ ಬಳೆಯೊಳಗೆ ತೂರಿಸಿದರೆ ಸಾಕು, ತಂತಿ ಕತ್ತರಿಸುವ ಕೆಲಸವಿಲ್ಲ. ತಂತಿಯಲ್ಲಿ ಕರೆಂಟು ಹರಿದರೆ ಬಳೆ ಅದನ್ನು ಚಿಪ್ಪಿಗೆ ತಿಳಿಸುತ್ತದೆ. ಈಗ ಫೋನಿನಲ್ಲಿ ಹಸಿರು ಹತ್ತುವುದು ಬಳೆ ಹೇಳಿದ ಮೇಲೆಯೇ. ಗುಂಡಿ ಒತ್ತಿ ಐದು ಸೆಕೆಂಡಿನಲ್ಲಿ ಬಳೆ ಏನೂ ಹೇಳದಿದ್ದರೆ 'ಮೋಟ್ರು ಓಡಿಲ್ಲ, ಹೋಗಿ ನೋಡಿ' ಎಂದು ಕನ್ನಡದಲ್ಲೇ ಬರುತ್ತದೆ.

ಎರಡು, ತೇಲುವ ಸ್ವಿಚ್ಚು. ಸಂಪಿಗೊಂದು, ಟ್ಯಾಂಕಿಗೊಂದು. ಸಂಪಿನಲ್ಲಿ ನೀರು ತಳ ಕಂಡರೆ ಮೋಟ್ರು ಹತ್ತುವುದಿಲ್ಲ, ಓಡುತ್ತಿದ್ದರೆ ನಿಲ್ಲುತ್ತದೆ. ಟ್ಯಾಂಕು ತುಂಬಿದರೂ ಅಷ್ಟೇ.

ಮೂರು, ಹೊತ್ತಿನ ಕಟ್ಟು. ಖಾಲಿ ಟ್ಯಾಂಕು ತುಂಬಲು 22 ನಿಮಿಷ ಬೇಕೆಂದು ಗಡಿಯಾರ ಹಿಡಿದು ನೋಡಿದ್ದೆವು. ಏನೇ ಆಗಲಿ 30 ನಿಮಿಷಕ್ಕೆ ಮೋಟ್ರು ತಾನಾಗಿ ನಿಲ್ಲಬೇಕು ಎಂದು ಚಿಪ್ಪಿಗೆ ಬರೆದ. ಫೋನಿನ ಚಾರ್ಜು ಹೋಗಲಿ, ಇಂಟರ್‌ನೆಟ್ ಹೋಗಲಿ, ತೇಲುವ ಸ್ವಿಚ್ಚು ಸಿಕ್ಕಿಹಾಕಿಕೊಳ್ಳಲಿ, ನಿಲ್ಲಿಸುವ ಲೆಕ್ಕ ಪೆಟ್ಟಿಗೆಯೊಳಗೇ ಇದೆ. ಹಾಕುವುದಕ್ಕೆ ಫೋನು ಬೇಕು, ನಿಲ್ಲುವುದಕ್ಕೆ ಬೇಡ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಆಮೇಲೆ ಇನ್ನು ಕೆಲವು ಸಣ್ಣ ಸಂಗತಿಗಳು ತಿಳಿದವು. ಈ ಚಿಪ್ಪು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತದೆ, 5 ಗಿಗಾಹರ್ಟ್ಸ್ ಹಿಡಿಯುವುದಿಲ್ಲ. ಮನೆಯ ವೈಫೈ ಪೆಟ್ಟಿಗೆಯನ್ನು ಹಾಗೆ ಹೊಂದಿಸಿರಬೇಕು. ಅಗ್ಗದ ರಿಲೇ ಹಲಗೆಗಳಲ್ಲಿ ಬಹಳಷ್ಟು ಉಲ್ಟಾ ಇರುತ್ತವೆ. ಚಿಪ್ಪು ವೋಲ್ಟು ಕೊಟ್ಟಾಗ ಬಿಡುತ್ತವೆ, ತೆಗೆದಾಗ ಹಿಡಿಯುತ್ತವೆ. ಇದನ್ನು ನೋಡಿಕೊಳ್ಳದೆ ಜೋಡಿಸಿದರೆ ಕರೆಂಟು ಹೋಗಿ ಬಂದ ಗಳಿಗೆಯಲ್ಲಿ ಯಾರೂ ಹೇಳದೆ ಮೋಟ್ರು ಒಮ್ಮೆ ಎದ್ದು ಕೂರುತ್ತದೆ. ಕರೆಂಟು ಬಂದಾಗ ಎಲ್ಲವೂ 'ಆಫ್' ಇರಬೇಕು ಎಂಬುದನ್ನು ಹತ್ತು ಸಲ ಮೈನ್ ತೆಗೆದು ಹಾಕಿ ಪರೀಕ್ಷೆ ಮಾಡಿದೆವು. ಗೋಡೆಯ ಹಳೆಯ ಸ್ವಿಚ್ಚನ್ನು ತೆಗೆಯಲಿಲ್ಲ. ಫೋನು ಕೈಕೊಟ್ಟ ದಿನ ಅದೇ ಗತಿ.

230 ವೋಲ್ಟಿನ ಕಡೆಯ ಕೆಲಸವನ್ನೆಲ್ಲ ಲೈಸೆನ್ಸ್ ಇರುವ ವೈರ್‌ಮನ್ ಕೈಯಲ್ಲೇ ಮಾಡಿಸಿದೆವು. 30 ಮಿಲಿ ಆಂಪಿಯರ್ ಸೋರಿದರೂ ಕಡಿದುಹಾಕುವ ಆರ್‌ಸಿಸಿಬಿ ಹಾಕಿಸಿದೆವು. ಒದ್ದೆ ನೆಲದ ಮನೆಗೆ ಇದು ಫೋನಿನ ಪೆಟ್ಟಿಗೆಗಿಂತ ಮೊದಲು ಬೇಕಾದ್ದು. ಚಿಪ್ಪು, ರಿಲೇ, ಬಳೆ, ತೇಲುವ ಸ್ವಿಚ್ಚು, ಕಾಂಟ್ಯಾಕ್ಟರ್, ಡಬ್ಬಿ ಎಲ್ಲ ಸೇರಿ ಎರಡೂವರೆ ಸಾವಿರದ ಸುತ್ತ ಆಯಿತು. ಆರ್‌ಸಿಸಿಬಿ ಮತ್ತು ವೈರ್‌ಮನ್ ಕೂಲಿ ಬೇರೆ. ಇವುಗಳಲ್ಲಿ ಓಗೊಡಿಸುವ ಸಾಮಾನಿಗೆ ಬಿದ್ದದ್ದು ಆರುನೂರು ರೂಪಾಯಿ. ಆ ಆರುನೂರು ಉಳಿಸಿದ್ದರೆ ಉಳಿದದ್ದೆಲ್ಲ ದಂಡ.

ಹೊಲದಲ್ಲಿ ಬೇರೆ ಲೆಕ್ಕ

ಊರಿಗೆ ವಾಪಸು ಬಂದ ಮೇಲೆ ನಮ್ಮ ಬೋರಿಗೂ ಇದು ಬೇಕು ಅನ್ನಿಸಿತು. ನಮಗೆ ಮೂರು ಫೇಸ್ ಕರೆಂಟು ಪಾಳಿಯಲ್ಲಿ ಬರುತ್ತದೆ. ರಾತ್ರಿ ಪಾಳಿ ಬಂದರೆ ಒಂದು ಗಂಟೆಗೋ ಎರಡು ಗಂಟೆಗೋ ಎದ್ದು ಹೋಗಬೇಕು. ಮನೆಯಿಂದ ಬೋರಿಗೆ ಒಂದು ಮೈಲಿ. ಹಾವು, ಹಂದಿ ಇರಲಿ, ನಮ್ಮ ಕಡೆ ಆನೆಯೂ ಬರುತ್ತದೆ. ಬ್ಯಾಟರಿ ಹಿಡಿದು ಹೊರಟವನು ವಾಪಸು ಬರುವ ತನಕ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಫೋನಿನ ಸ್ವಿಚ್ಚು ಪೇಟೆಯಲ್ಲಿ ಸುಖದ ಸಾಮಾನು. ಕಾಡಂಚಿನಲ್ಲಿ ಜೀವದ ಪ್ರಶ್ನೆ.

ಈ ಕಷ್ಟವನ್ನು ನೋಡಿಯೇ ಇಂಥ ಪೆಟ್ಟಿಗೆ ಮಾಡಿದವರು ಪುಣೆಯ ಇಂಜಿನಿಯರ್ ಸಂತೋಷ್ ಓಸ್ತವಾಲ್. ವಯಸ್ಸಾದ ಅಜ್ಜ ಪಂಪಿಗಾಗಿ ಹೊಲಕ್ಕೆ ಅಲೆಯುವ ಪಾಡನ್ನು ಕಂಡವರು. ಅವರ 'ನ್ಯಾನೋ ಗಣೇಶ್' ಎಂಬ ಸಾಧನಕ್ಕೆ 2009ರಲ್ಲಿ ನೋಕಿಯಾ ಕಂಪೆನಿಯ ಸ್ಪರ್ಧೆಯಲ್ಲಿ ಬಹುಮಾನ ಬಂತು. ಆಗ ನಮ್ಮ ಕೈಯಲ್ಲಿದ್ದದ್ದು ಗುಂಡಿ ಫೋನು. ಆ ಫೋನಿನಲ್ಲೂ ಈ ಕೆಲಸ ಆಗುತ್ತದೆ. ಫೋನಿನ ಒಂದೊಂದು ಅಂಕಿ ಒತ್ತಿದಾಗಲೂ ಎರಡು ಸ್ವರ ಸೇರಿ ಹೊರಡುತ್ತವೆ. 5 ಒತ್ತಿದರೆ 770 ಮತ್ತು 1336 ಹರ್ಟ್ಸಿನ ಜೋಡಿ. ಬೇರೆ ಅಂಕಿಗೆ ಬೇರೆ ಜೋಡಿ. ಹೊಲದ ಪೆಟ್ಟಿಗೆ ಈ ಸ್ವರ ಕೇಳಿ ಯಾವ ಅಂಕಿ ಎಂದು ಗುರುತಿಸಿ ಮೋಟ್ರು ಹಾಕುತ್ತದೆ, ತೆಗೆಯುತ್ತದೆ. ಓದು ಬಾರದವರೂ ಬಳಸಬಹುದು.

ಹೊಲದಲ್ಲಿ ವೈಫೈ ಇಲ್ಲ. ಆದ್ದರಿಂದ ಗೋಕುಲಂ ಪೆಟ್ಟಿಗೆ ಅಲ್ಲಿ ನಡೆಯದು, ಸಿಮ್ ಹಾಕುವ ಪೆಟ್ಟಿಗೆಯೇ ಆಗಬೇಕು. ಹಳೆಯ ತರದ ಪೆಟ್ಟಿಗೆಗಳು 2ಜಿ ಸಿಗ್ನಲ್ ಮಾತ್ರ ಹಿಡಿಯುತ್ತವೆ. ಜಿಯೋದವರಿಗೆ 2ಜಿ ಇಲ್ಲ, ಹಾಗಾಗಿ ಆ ಸಿಮ್ ಅದರಲ್ಲಿ ಕೆಲಸ ಮಾಡದು. ಕೊಳ್ಳುವ ಮೊದಲು ಬೋರಿನ ಹತ್ತಿರ ನಿಂತು ಯಾವ ಸಿಮ್ಮಿಗೆ ಸಿಗ್ನಲ್ ಇದೆ ನೋಡಿ, ಪೆಟ್ಟಿಗೆ 2ಜಿಯೋ 4ಜಿಯೋ ಕೇಳಿ. ಸಿಗ್ನಲ್ಲೇ ಇಲ್ಲದ ಕಡೆ ಲೋರಾ ಎಂಬ ರೇಡಿಯೋ ಪದ್ಧತಿ ಇದೆ. ನಮ್ಮ ದೇಶದಲ್ಲಿ 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಇಂಥ ಸಾಧನಗಳಿಗೆ ಲೈಸೆನ್ಸ್ ಬೇಡ. ಬಯಲಾದರೆ ಒಂದೆರಡು ಕಿಲೋಮೀಟರು ಮುಟ್ಟುತ್ತದೆ.

ಸ್ಟಾರ್ಟರಿಗೆ ಜೋಡಿಸುವ ಕ್ರಮ ಸುಲಭ. ಹಸಿರು ಗುಂಡಿಯ ಜೊತೆಗೆ ಒಂದು ರಿಲೇಯನ್ನು ಪಕ್ಕಕ್ಕೆ ಸೇರಿಸುತ್ತಾರೆ. ಅದು ಬೆರಳಿನ ಹಾಗೆ ಒಂದೆರಡು ಸೆಕೆಂಡು ಒತ್ತಿ ಬಿಡುತ್ತದೆ. ಕೆಂಪು ಗುಂಡಿಯ ಸಾಲಿನಲ್ಲಿ ಇನ್ನೊಂದು ರಿಲೇ, ಅದು ಸಾಲನ್ನು ಒಂದು ಗಳಿಗೆ ಕಡಿಯುತ್ತದೆ. ಸ್ಟಾರ್ಟರಿನ ಓವರ್‌ಲೋಡ್ ರಿಲೇಯನ್ನಾಗಲಿ, ಫೇಸ್ ಹೋದರೆ ನಿಲ್ಲಿಸುವ ಪ್ರಿವೆಂಟರನ್ನಾಗಲಿ ಬೈಪಾಸ್ ಮಾಡಲು ಯಾರು ಹೇಳಿದರೂ ಒಪ್ಪಬಾರದು.

ಇನ್ನೊಂದು ಸಂಗತಿ. ಪೆಟ್ಟಿಗೆ ನಾವು ನೋಂದಾಯಿಸಿದ ನಂಬರುಗಳ ಮಾತು ಮಾತ್ರ ಕೇಳಬೇಕು. ಪಕ್ಕದೂರಿನವರೊಬ್ಬರ ಪೆಟ್ಟಿಗೆಯಲ್ಲಿ ಈ ಏರ್ಪಾಟು ಇರಲಿಲ್ಲ. ಯಾವ ಕರೆ ಬಂದರೂ ಎದ್ದು ಓಡುತ್ತಿತ್ತು. 'ಸಾಲ ಬೇಕೇ' ಎಂದು ಕೇಳುವ ಕರೆಗೆ ಮೋಟ್ರು ಓಡಿ ಬದನೆ ಪಾತಿಯೆಲ್ಲ ಕೆಸರಾಯಿತು. 'ಸಾಲವೂ ಸಿಗಲಿಲ್ಲ, ಬದನೆಯೂ ಉಳಿಯಲಿಲ್ಲ' ಎಂದು ಅವರು ಈಗಲೂ ನಗುತ್ತಾರೆ.

ಜೇಬಿನಲ್ಲಿ ಫ್ಯೂಸು

ನಗದೆ ಕೇಳಬೇಕಾದ ಸಂಗತಿಯೂ ಇದೆ. ನಮ್ಮೂರಿನ ಒಬ್ಬ ಹಿರಿಯರು ಬೋರಿನ ಕೇಬಲ್ ಜಾಯಿಂಟ್ ಸುಟ್ಟಿದೆ ಎಂದು ಅದನ್ನು ಬಿಚ್ಚಿ ಹೊಸದಾಗಿ ಸುತ್ತುತ್ತಾ ಕೂತಿದ್ದರು. ಮಗ ಮೈಸೂರಿನಲ್ಲಿ ಕೆಲಸಕ್ಕಿದ್ದ. ಕರೆಂಟು ಬಂದಿದೆ ಎಂದು ಫೋನಿಗೆ ಸಂದೇಶ ಹೋಗಿದೆ. ಅಪ್ಪನಿಗೆ ಯಾಕೆ ತೊಂದರೆ ಎಂದು ಪ್ರೀತಿಯಿಂದಲೇ ಅಲ್ಲಿಂದ ಮೋಟ್ರು ಹಾಕಿದ್ದಾನೆ. ಪೆಟ್ಟಿಗೆಗೆ ತನ್ನದೇ ಬ್ಯಾಟರಿ ಇತ್ತು. ಶೆಡ್ಡಿನೊಳಗಿಂದ 'ಟಕ್' ಅಂದ ಸದ್ದು ಇವರಿಗೆ ಕೇಳಿಸಿತು. ಕೈಯಲ್ಲಿ ಬರಿ ತಂತಿ.

ಏನೂ ಆಗಲಿಲ್ಲ. ಯಾಕೆಂದರೆ ಅವರದು ಹಳೆಯ ಅಭ್ಯಾಸ. ಜಾಯಿಂಟಿಗೆ ಕೈ ಹಾಕುವ ಮೊದಲು ಮೂರು ಫ್ಯೂಸುಗಳನ್ನೂ ಕಿತ್ತು ಅಂಗಿ ಜೇಬಿಗೆ ಹಾಕಿಕೊಂಡಿದ್ದರು. 'ಫ್ಯೂಸು ನನ್ನ ಜೇಬಲ್ಲಿ, ಮೋಟ್ರು ಯಾರ ಫೋನಲ್ಲಾದರೂ ಇರಲಿ' ಅಂತ ಅವರು ಹೇಳಿದ ಮಾತನ್ನು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ.

ಮೊದಲಾದರೆ ಸ್ವಿಚ್ಚು ಹಾಕುವವನೂ ಪಂಪಿನ ಹತ್ತಿರ ಇರುವವನೂ ಒಬ್ಬನೇ ಆಗಿದ್ದ. ಈಗ ಇಬ್ಬರಾಗಿದ್ದಾರೆ, ನಡುವೆ ಐವತ್ತು ಕಿಲೋಮೀಟರು. ಹಾಕುವವನ ಕಣ್ಣಿಗೆ ಹತ್ತಿರ ಇರುವವನು ಕಾಣುವುದಿಲ್ಲ. ನಮ್ಮ ಪೆಟ್ಟಿಗೆಯ ಪಕ್ಕ ನಾನು ಒಂದು ತಿರುಗುವ ಸ್ವಿಚ್ಚು ಹಾಕಿಸಿದ್ದೇನೆ. ಒಂದು ಕಡೆ 'ಫೋನು', ಒಂದು ಕಡೆ 'ಕೈ', ನಡುವೆ 'ಬಂದ್'. ಹೊಲಕ್ಕೆ ಕಾಲಿಟ್ಟರೆ ಮೊದಲು ಅದನ್ನು 'ಕೈ'ಗೆ ತಿರುಗಿಸುತ್ತೇನೆ. ಆಮೇಲೆ ಮನೆಯಿಂದ ಯಾರು ಒತ್ತಿದರೂ ಮೋಟ್ರು ಹತ್ತದು. ತಂತಿಗೆ ಕೈ ಹಾಕುವ ಕೆಲಸವಿದ್ದರೆ ಅದೂ ಸಾಲದು, ಮೈನ್ ಇಳಿಸಿ ಫ್ಯೂಸು ಕಿತ್ತು ಜೇಬಿಗೆ ಹಾಕಬೇಕು. ಮೋಟ್ರು ಏಳುವ ಹತ್ತು ಸೆಕೆಂಡು ಮೊದಲು ಗಂಟೆ ಬಾರಿಸುವ ಏರ್ಪಾಟನ್ನೂ ಅಳಿಯ ಮಾಡಿಕೊಟ್ಟಿದ್ದಾನೆ. ಇಷ್ಟಕ್ಕೆ ಖರ್ಚು ಐನೂರು ದಾಟಲಿಲ್ಲ.

ಬೋರಿನ ಮಾತು

ರಾತ್ರಿ ಪಂಪಿಗೆ ನಡೆಯುತ್ತಿದ್ದಾಗ ನಾವು ಬರೀ ಗುಂಡಿ ಒತ್ತಿ ಬರುತ್ತಿರಲಿಲ್ಲ. ಪೈಪಿನಲ್ಲಿ ನೀರು ಎಷ್ಟು ಬರುತ್ತದೆ ನೋಡುತ್ತಿದ್ದೆವು. ಮೋಟ್ರಿನ ಸದ್ದು ಕೇಳುತ್ತಿದ್ದೆವು. ಗಾಳಿ ಉಗುಳಲು ಶುರುವಾದರೆ ನಿಲ್ಲಿಸುತ್ತಿದ್ದೆವು. ಅರ್ಧ ದಾರಿಯಲ್ಲಿ ಪೈಪು ಒಡೆದಿದ್ದರೆ ಕಾಲಿಗೇ ಗೊತ್ತಾಗುತ್ತಿತ್ತು. ನಡಿಗೆಯ ಕಷ್ಟದ ಜೊತೆಗೆ ಕಣ್ಣು, ಕಿವಿಯ ಕೆಲಸವೂ ಆಗುತ್ತಿತ್ತು. ಫೋನಿನ ಸ್ವಿಚ್ಚು ನಡಿಗೆಯನ್ನು ತೆಗೆದುಹಾಕಿತು, ಕಣ್ಣು ಕಿವಿಯನ್ನೂ ಜೊತೆಗೆ ತೆಗೆದುಹಾಕಿತು. 'ಬಿಚ್ಚಿ ಎಸೆದೆ' ಅನ್ನುವವರ ಕತೆ ಕೇಳಿದರೆ ಬಹುಪಾಲು ಇದೇ: ಮೋಟ್ರು ಒಣಗಿ ಸುಟ್ಟಿತು, ಪೈಪು ಒಡೆದದ್ದು ಗೊತ್ತಾಗಲಿಲ್ಲ, ಓಡುತ್ತಿದೆ ಅಂದುಕೊಂಡಿದ್ದೆ ಓಡಿರಲಿಲ್ಲ. 'ಅನುಕೂಲ' ಅನ್ನುವವರ ಪೆಟ್ಟಿಗೆ ಅವರಿಗೆ ಆ ಕಣ್ಣು ಕಿವಿಯನ್ನು ವಾಪಸು ಕೊಟ್ಟಿರುತ್ತದೆ.

ಗೋಕುಲಂನಲ್ಲಿ ಕಂಡ ಬಳೆ ಇಲ್ಲಿ ದೊಡ್ಡ ಉಪಕಾರ ಮಾಡಿತು. ಬೋರಿನಲ್ಲಿ ನೀರು ತಗ್ಗಿ ಪಂಪು ಗಾಳಿ ಎಳೆಯಲು ಶುರು ಮಾಡಿದರೆ ಮೋಟ್ರಿಗೆ ಭಾರ ಕಡಿಮೆಯಾಗಿ ಆಂಪಿಯರ್ ಇಳಿಯುತ್ತದೆ. ನಮ್ಮ 5 ಎಚ್‌ಪಿ ಮೋಟ್ರು ನೀರೆತ್ತುವಾಗ ಏಳೂವರೆ ಆಂಪಿಯರ್ ತೋರಿಸುತ್ತದೆ. ಐದೂವರೆಗೆ ಇಳಿದರೆ ನಿಲ್ಲಬೇಕು ಎಂದು ಗೆರೆ ಹಾಕಿದ್ದೇವೆ. ಈ ಅಂಕಿ ನನ್ನ ಬೋರಿನದು. ನಿಮ್ಮದನ್ನು ನೀವೇ ನೀರು ಬರುವಾಗ, ಬಿಡುವಾಗ ನೋಡಿ ಗೊತ್ತುಮಾಡಬೇಕು. ನಿಂತ ಮೇಲೆ ಒಂದೂವರೆ ಗಂಟೆ ಮತ್ತೆ ಹತ್ತದ ಹಾಗೆ ಕಟ್ಟು ಇದೆ. ಅಷ್ಟರಲ್ಲಿ ಬೋರಿನಲ್ಲಿ ನೀರು ಊರುತ್ತದೆ.

ಆಟೋ ಸ್ಟಾರ್ಟರನ್ನೂ ಇದನ್ನೂ ಒಂದೇ ಅಂದುಕೊಳ್ಳಬೇಡಿ. ಆಟೋ ಹಾಕಿದವರ ಮೋಟ್ರುಗಳೆಲ್ಲ ಕರೆಂಟು ಬಂದ ಗಳಿಗೆಯಲ್ಲೇ ಒಟ್ಟಿಗೆ ಏಳುತ್ತವೆ. ಒಂದೊಂದೂ ಐದಾರು ಪಟ್ಟು ಎಳೆದರೆ ಟ್ರಾನ್ಸ್‌ಫಾರ್ಮರ್ ಗತಿ ಏನು? ಸುಟ್ಟರೆ ಹದಿನೈದಿಪ್ಪತ್ತು ಮನೆಯ ಬೆಳೆ ಒಣಗುತ್ತದೆ. ನಮ್ಮ ಟ್ರಾನ್ಸ್‌ಫಾರ್ಮರಿನ ಆರು ಜನ ಕೂತು ಮಾತಾಡಿ ಹೊತ್ತು ಹಂಚಿಕೊಂಡಿದ್ದೇವೆ. ಕರೆಂಟು ಬಂದ ಮೇಲೆ ಒಬ್ಬರದು ಎರಡು ನಿಮಿಷಕ್ಕೆ, ಇನ್ನೊಬ್ಬರದು ನಾಲ್ಕಕ್ಕೆ, ಹೀಗೆ. ಪೆಟ್ಟಿಗೆಯಲ್ಲಿ ಅದನ್ನು ಹೊಂದಿಸಲು ಬರುತ್ತದೆ. ಮನುಷ್ಯರು ಹೊಂದಿಕೊಳ್ಳುವುದಕ್ಕೆ ಎರಡು ಸಭೆ ಬೇಕಾಯಿತು.

ಕೊನೆಯದಾಗಿ ಒಣಭೂಮಿಯವನ ಮಾತು. ಕರ್ನಾಟಕದಲ್ಲಿ 10 ಎಚ್‌ಪಿ ತನಕದ ಪಂಪ್‌ಸೆಟ್ಟಿಗೆ ಕರೆಂಟಿನ ಬಿಲ್ಲಿಲ್ಲ. ಸ್ವಿಚ್ಚೂ ಜೇಬಿಗೆ ಬಂತೆಂದರೆ ಕೈ ಸುಮ್ಮನಿರುವುದಿಲ್ಲ. ಮಲಗಿದಲ್ಲೇ ಒತ್ತಬಹುದು, ಬೇಕೋ ಬೇಡವೋ ಒತ್ತಬಹುದು. ಚಳಿಗೂ ಆನೆಗೂ ಅಂಜಿ ನಾವು ಹೋಗದಿದ್ದ ರಾತ್ರಿಗಳಲ್ಲಿ ಬೋರಿಗೆ ವಿರಾಮ ಸಿಗುತ್ತಿತ್ತು. ಈಗ ಆ ವಿರಾಮವನ್ನು ನಾವೇ ಕೊಡಬೇಕು. ಪೆಟ್ಟಿಗೆ ದಿನಕ್ಕೆ ಎಷ್ಟು ಹೊತ್ತು ಓಡಿತು ಎಂದು ಬರೆದಿಡುತ್ತದೆ. ನಾನು ಅದನ್ನು ಕ್ಯಾಲೆಂಡರಿನಲ್ಲಿ ಮಳೆಯ ಪಕ್ಕದಲ್ಲೇ ಬರೆಯುತ್ತೇನೆ. ಮಾಘದಲ್ಲಿ ಒಂದೇ ಸಲಕ್ಕೆ ಎರಡು ಗಂಟೆ ಹತ್ತು ನಿಮಿಷ ಓಡುತ್ತಿದ್ದ ಬೋರು ಚೈತ್ರಕ್ಕೆ ಐವತ್ತು ನಿಮಿಷಕ್ಕೆ ಗೆರೆ ಮುಟ್ಟಿತು. ಅದನ್ನು ನೋಡಿ ಈ ಸಲ ಬೇಸಿಗೆಗೆ ಮುಕ್ಕಾಲು ಎಕರೆ ಬಿಟ್ಟು ಹದಿನೈದು ಗುಂಟೆಗಷ್ಟೇ ತರಕಾರಿ ಇಟ್ಟೆ. ಉಳಿದ ಜಾಗಕ್ಕೆ ಒಣ ಸೊಪ್ಪು ಹೊದಿಸಿದೆ. ಹಾಕಿದ ಗಿಡ ಒಂದೂ ಒಣಗಲಿಲ್ಲ.

ಪೆಟ್ಟಿಗೆ ಕೊಳ್ಳುವವರು ಅಂಗಡಿಯಲ್ಲಿ 'ಎಷ್ಟು ದೂರದಿಂದ ಮೋಟ್ರು ಹಾಕಬಹುದು?' ಎಂದು ಕೇಳುತ್ತಾರೆ. ಫೋನು ಇದ್ದರೆ ದೆಹಲಿಯಿಂದಲೂ ಹಾಕಬಹುದು, ಅದು ದೊಡ್ಡದಲ್ಲ. ಕೇಳಬೇಕಾದ್ದು ಈ ನಾಲ್ಕು. ಮೋಟ್ರು ನಿಜಕ್ಕೂ ಓಡಿದ್ದು ನನಗೆ ಹೇಗೆ ತಿಳಿಯುತ್ತದೆ? ನೀರಿಲ್ಲದಿದ್ದರೆ ತಾನಾಗಿ ನಿಲ್ಲುತ್ತದೆಯೇ? ಸಿಗ್ನಲ್ ಹೋದರೆ ಏನು ಮಾಡುತ್ತದೆ? ಪಂಪಿನ ಹತ್ತಿರ ಇರುವವನು ಅದನ್ನು ತಡೆಯುವುದು ಹೇಗೆ? ನಾಲ್ಕಕ್ಕೂ ಅಂಗಡಿಯವನು ಪೆಟ್ಟಿಗೆ ತೆರೆದು ತೋರಿಸಿದರೆ ದುಡ್ಡು ಕೊಡಿ. ಬರೀ ಬಾಯಲ್ಲಿ ಹೇಳಿದರೆ ವಾಪಸು ಬನ್ನಿ.

ನಿಮ್ಮಲ್ಲಿ ಯಾರಾದರೂ ಲೋರಾ ಪೆಟ್ಟಿಗೆ ಬಳಸಿದ್ದರೆ, ಅಥವಾ ಸಿಡಿಲಿಗೆ ಇಂಥವು ಸುಡದ ಹಾಗೆ ಒಳ್ಳೆಯ ಉಪಾಯ ಮಾಡಿದ್ದರೆ ಪತ್ರಿಕೆಗೆ ಬರೆಯಿರಿ. ನಮ್ಮ ಕಡೆ ಮುಂಗಾರಿನ ಮೊದಲ ಗುಡುಗು ಕೇಳಿದರೆ ನಾನು ಮೈನ್ ಇಳಿಸಿ, ಪೆಟ್ಟಿಗೆಯ ತಂತಿ ಕಳಚಿಟ್ಟು ಬರುತ್ತೇನೆ. ಇದಕ್ಕಿಂತ ಸುಲಭದ ದಾರಿ ಇದ್ದರೆ ಎಲ್ಲರಿಗೂ ತಿಳಿಯಲಿ.